ಸೊಪ್ಪಿನ ಚಪ್ಪರ, ಬಣ್ಣದ ದೀಪ: ಟೂ-ಸ್ಪಿರಿಟ್ ಜನರ ಪ್ರೀತಿ, ನೆಲೆ ಮತ್ತು ಡ್ರ್ಯಾಗ್ ರಂಗ

(ರಂಗಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

2023ರ ಜೂನ್ ತಿಂಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಪಟ್ಟಣದಲ್ಲಿ ಒಂದು ಉಪನ್ಯಾಸ ನಡೆಯಬೇಕಿತ್ತು. ಬ್ಯೂಟ್ ಹಳೆಯ ತಾಮ್ರದ ಗಣಿಗಳ ಊರು. ಉಪನ್ಯಾಸದ ಜಾಗ ಅಲ್ಲಿನ ಸಾರ್ವಜನಿಕ ಗ್ರಂಥಾಲಯ. ಮಾತನಾಡಬೇಕಿದ್ದವರು ಏಡ್ರಿಯಾ ಜಾವರ್ಟ್, ನಾರ್ದರ್ನ್ ಶಯಾನ್ ಬುಡಕಟ್ಟಿನ ಪತ್ರಕರ್ತೆ, ಟ್ರಾನ್ಸ್ ಮಹಿಳೆ. ಮೊಂಟಾನಾದ ಟ್ರಾನ್ಸ್ ಜನರು ಮತ್ತು ಟೂ-ಸ್ಪಿರಿಟ್ ಜನರು, ಅಂದರೆ ಗಂಡು, ಹೆಣ್ಣು ಎಂಬ ಎರಡೇ ಮನೆಗಳಲ್ಲಿ ಸೇರದ ಮೂಲನಿವಾಸಿಗಳು, ಇವರ ಇತಿಹಾಸ ಅವರ ವಿಷಯ. ಹಾಡಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಈಗ ನಾನು ನಿಮ್ಮೆದುರು ನಿಂತಿರುವ ಹಾಗೆ ಒಬ್ಬರು ನಿಂತು ಮಾತನಾಡುವುದು, ಅಷ್ಟೇ.

ಆ ಉಪನ್ಯಾಸ ನಡೆಯಲಿಲ್ಲ. ಹಿಂದಿನ ತಿಂಗಳಷ್ಟೇ ಮೊಂಟಾನಾ ಸರ್ಕಾರ ಒಂದು ಕಾನೂನು ತಂದಿತ್ತು. ಶಾಲೆ ಮತ್ತು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಡ್ರ್ಯಾಗ್ ಕಲಾವಿದರು, ಅಂದರೆ ಹೆಣ್ಣಿನ ಅಥವಾ ಗಂಡಿನ ವೇಷ ಕಟ್ಟಿ ರಂಜಿಸುವವರು, ಮಕ್ಕಳಿಗೆ ಕಥೆ ಓದುವ ಕಾರ್ಯಕ್ರಮಗಳನ್ನು ಅದು ನಿಷೇಧಿಸಿತ್ತು. ಟ್ರಾನ್ಸ್ ಮಹಿಳೆಯೊಬ್ಬರು ಗ್ರಂಥಾಲಯದಲ್ಲಿ ನಿಂತು ಮಾತನಾಡಿದರೆ ಅದೂ ಈ ಕಾನೂನಿನ ಅಡಿಯಲ್ಲಿ ಬಂದೀತೆಂದು ಸ್ಥಳೀಯ ಅಧಿಕಾರಿಗಳು ಹೆದರಿ ಕಾರ್ಯಕ್ರಮ ರದ್ದು ಮಾಡಿದರು. ಏಡ್ರಿಯಾ ನ್ಯಾಯಾಲಯಕ್ಕೆ ಹೋದವರಲ್ಲಿ ಒಬ್ಬರಾದರು. ಜುಲೈ ತಿಂಗಳಲ್ಲಿ ಫೆಡರಲ್ ನ್ಯಾಯಾಧೀಶ ಬ್ರಯಾನ್ ಮಾರಿಸ್ ಆ ಕಾನೂನಿಗೆ ತಡೆ ಕೊಟ್ಟರು.

ಬ್ಯೂಟ್‌ನ ಅಧಿಕಾರಿಗಳು ಕೆಟ್ಟವರೆಂದು ಹೇಳಲು ನಾನು ಇದನ್ನು ಎತ್ತಿಕೊಳ್ಳಲಿಲ್ಲ. ಅವರಿಗೆ ಒಂದು ಬದುಕಿಗೂ ಒಂದು ವೇಷಕ್ಕೂ ನಡುವಿನ ಗೆರೆ ಕಾಣಲಿಲ್ಲ. ಆ ಗೆರೆ ಎಲ್ಲಿದೆ ಎಂಬುದು ನನ್ನ ಇಂದಿನ ಮಾತಿನ ಮೊದಲ ಅರ್ಧ. ಅದನ್ನು ದಾಟಿ ಕೆಲವರು ಬೇಕೆಂದೇ ವೇಷದ ಕಡೆಗೆ ಏಕೆ ನಡೆದರು ಎಂಬುದು ಉಳಿದರ್ಧ.

ಡ್ರ್ಯಾಗ್ ಎಂಬುದನ್ನು ಈ ಸಭೆಗೆ ವಿವರಿಸುವುದು ಸುಲಭ. ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿದ್ದನ್ನು ನಿಮ್ಮ ಹಿರಿಯರು ಕಂಡಿದ್ದಾರೆ. ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ಇಂದಿಗೂ ನೀವು ನೋಡುತ್ತೀರಿ. ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿ, ಸೀರೆ ಉಟ್ಟು, ರಂಗಸ್ಥಳಕ್ಕೆ ಬಂದು ದಮಯಂತಿಯಾಗಿ ಅತ್ತು, ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಬಸ್ ಹತ್ತುವ ಕಲಾವಿದರು ಅವರು. ಡ್ರ್ಯಾಗ್ ಕೂಡ ಕಸುಬು. ನಗರದ ಬಾರುಗಳಲ್ಲಿ, ಸಣ್ಣ ರಂಗಮಂದಿರಗಳಲ್ಲಿ, ಈಗ ಟಿವಿ ಸ್ಪರ್ಧೆಗಳಲ್ಲಿ, ಹೆಣ್ತನ ಅಥವಾ ಗಂಡಸುತನವನ್ನು ಉಬ್ಬಿಸಿ, ಅಣಕಿಸಿ, ಆರಾಧಿಸಿ ತೋರಿಸುವ ಕಲೆ. ಅದರಲ್ಲಿ ನಗೆ ಇದೆ, ಹಾಡಿಗೆ ತುಟಿ ಹೊಂದಿಸುವ ಜಾಣ್ಮೆ ಇದೆ, ಹೊಲಿಗೆ ಇದೆ, ಬಾಯಿಜೋರು ಇದೆ.

ಟೂ-ಸ್ಪಿರಿಟ್ ಇಂಥದ್ದಲ್ಲ. ಅಲ್ಲಿ ಕಳಚಿ ಇಡಲು ಏನೂ ಇಲ್ಲ. ಉತ್ತರ ಅಮೆರಿಕದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಗಂಡು, ಹೆಣ್ಣು ಎಂಬ ಎರಡೇ ಮನೆಗಳಿರಲಿಲ್ಲ. ಮೂರನೆಯದು, ಕೆಲವು ಕಡೆ ನಾಲ್ಕನೆಯದು ಇತ್ತು. ನವಾಜೋ ಜನರಲ್ಲಿ ನಾದ್ಲೇಹಿ, ಲಕೋಟರಲ್ಲಿ ವಿಂಕ್ಟೆ, ಜುನಿಗಳಲ್ಲಿ ಲಮಾನಾ, ಕ್ರೋ ಜನರಲ್ಲಿ ಬಡೇ, ಹೀಗೆ ಊರಿಗೊಂದು ಹೆಸರು. ಇವೆಲ್ಲ ಒಂದೇ ಅಲ್ಲ. ಇವುಗಳ ಹೊರೆ, ಹಕ್ಕು, ಕಥೆ ಬೇರೆ ಬೇರೆ. ಎಲ್ಲರಿಗೂ ಸೇರುವ ಒಂದು ಹೆಸರು ಬೇಕೆಂದು 1990ರಲ್ಲಿ ಕೆನಡಾದ ವಿನಿಪೆಗ್ ಬಳಿ ಸೇರಿದ ಸಮ್ಮೇಳನದಲ್ಲಿ, ಕ್ರೀ ಸಮುದಾಯದ ಮೈರಾ ಲಾರಮಿ ಅವರ ಸೂಚನೆಯಂತೆ ಟೂ-ಸ್ಪಿರಿಟ್ ಎಂಬುದನ್ನು ಒಪ್ಪಿಕೊಂಡರು. ಅದಕ್ಕೂ ಮೊದಲು ಯುರೋಪಿನ ಪ್ರವಾಸಿಗಳು ಹಚ್ಚಿದ್ದ ಬರ್ಡಾಶ್ ಎಂಬ ಬೈಗುಳವನ್ನೇ ಮಾನವಶಾಸ್ತ್ರದ ಪುಸ್ತಕಗಳು ಬಳಸುತ್ತಿದ್ದವು. ಹೆಸರಿನ ಚರ್ಚೆ ಇಷ್ಟು ಸಾಕು. ಮನುಷ್ಯರ ಕಡೆಗೆ ಬರೋಣ.

ಜುನಿಗಳು ಇಂದಿನ ನ್ಯೂ ಮೆಕ್ಸಿಕೋದ ಜನ. ಅವರಲ್ಲಿ ಸುಮಾರು 1849ರಲ್ಲಿ ಹುಟ್ಟಿದ ವೀವಾ ಎಂಬ ಲಮಾನಾ ಇದ್ದರು. ಒಳ್ಳೆಯ ನೇಕಾರರು, ಕುಂಬಾರರು, ಊರಿನ ಆಚರಣೆಗಳನ್ನು ಬಲ್ಲವರು. 1886ರಲ್ಲಿ ಮಟಿಲ್ಡಾ ಸ್ಟೀವನ್‌ಸನ್ ಎಂಬ ಸಂಶೋಧಕಿಯ ಜೊತೆ ವಾಷಿಂಗ್ಟನ್‌ಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ರಾಜಧಾನಿಯ ಗಣ್ಯರು ಅವರನ್ನು ಇಂಡಿಯನ್ (ಅಮೆರಿಕದ ಮೂಲನಿವಾಸಿಗಳಿಗೆ ಬಿಳಿಯರು ಇಟ್ಟ ಹೆಸರು) ರಾಜಕುಮಾರಿ ಎಂದುಕೊಂಡು ಔತಣಗಳಿಗೆ ಕರೆದರು. ವೀವಾ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನೂ ಭೇಟಿಯಾದರು. ಅವರು ಹುಟ್ಟಿದ್ದು ಗಂಡಾಗಿ ಎಂಬುದು ಆ ಗಣ್ಯರಿಗೆ ಹೊಳೆಯಲಿಲ್ಲ. ವೀವಾ ಯಾರನ್ನೂ ಮೋಸಗೊಳಿಸಿರಲಿಲ್ಲ, ತಮ್ಮ ಊರಿನಲ್ಲಿ ಇದ್ದ ಹಾಗೆಯೇ ಇದ್ದರು. ಊರಿಗೆ ಮರಳಿದ ಮೇಲೆ, 1892ರಲ್ಲಿ, ಜುನಿ ಮುಖಂಡರನ್ನು ಬಂಧಿಸಲು ಬಂದ ಸೈನಿಕರನ್ನು ಎದುರಿಸಿ ಜೈಲು ಸೇರಿದರು. ಮೆರವಣಿಗೆಯಲ್ಲಿ ಬಂದ ರಾಜಕುಮಾರಿಗೆ ಅಮೆರಿಕ ಔತಣ ಕೊಟ್ಟಿತು, ತನ್ನ ಊರಿಗಾಗಿ ನಿಂತ ಲಮಾನಾಗೆ ಸೆರೆಮನೆ ಕೊಟ್ಟಿತು. 1896ರ ಕೊನೆಯಲ್ಲಿ ಶಾಲಾಕೊ ಹಬ್ಬದ ಹೊತ್ತಿಗೆ ವೀವಾ ತೀರಿಕೊಂಡಾಗ ಇಡೀ ಪುಯೆಬ್ಲೊ, ಅಂದರೆ ಜುನಿಗಳ ಊರು, ದುಃಖಿಸಿತೆಂದು ಸ್ಟೀವನ್‌ಸನ್ ಬರೆದಿದ್ದಾರೆ.

ಮೊಂಟಾನಾದ ಕ್ರೋ ಜನರಲ್ಲಿ ಓಷ್-ಟಿಶ್ ಎಂಬ ಬಡೇ ಇದ್ದರು, 1854ರಿಂದ 1929ರವರೆಗೆ. ಕಾಡೆಮ್ಮೆ ಚರ್ಮದ ದೊಡ್ಡ ಡೇರೆಗಳನ್ನು ಹೊಲಿಯುವುದು ಬಡೇಗಳ ಕೆಲಸ. ಓಷ್-ಟಿಶ್ ಅದರಲ್ಲಿ ಹೆಸರುವಾಸಿ, ಐರನ್ ಬುಲ್ ಎಂಬ ಮುಖಂಡನ ಡೇರೆ ಅವರ ಕೈಯದು. 1876ರ ಜೂನ್ 17ರಂದು ರೋಸ್‌ಬಡ್ ಕದನದಲ್ಲಿ ಕುದುರೆ ಏರಿ ಹೋರಾಡಿದ್ದೂ ಅವರೇ. ನನಗೆ ಹೆಚ್ಚು ಇಷ್ಟವಾದ ಪ್ರಸಂಗ ಆಮೇಲಿನದು. 1890ರ ದಶಕದಲ್ಲಿ ಬಂದ ಸರ್ಕಾರಿ ಏಜೆಂಟ್ ಒಬ್ಬ ಬಡೇಗಳನ್ನು ಹಿಡಿದು, ಕೂದಲು ಕತ್ತರಿಸಿ, ಗಂಡಸರ ಬಟ್ಟೆ ತೊಡಿಸಿ, ದೈಹಿಕ ದುಡಿಮೆಗೆ ಹಚ್ಚಿದ. ಆಗ ಪ್ರಿಟಿ ಈಗಲ್ ಎಂಬ ಮುಖಂಡ ಆ ಏಜೆಂಟನಿಗೆ ನಮ್ಮ ನೆಲ ಬಿಟ್ಟು ಹೋಗು ಎಂದು ಹೇಳಿದರು. ಕ್ರೋ ಇತಿಹಾಸಕಾರ ಜೋ ಮೆಡಿಸಿನ್ ಕ್ರೋ ಈ ಕಥೆಯನ್ನು 1982ರಲ್ಲಿ ಸಂಶೋಧಕರೊಬ್ಬರಿಗೆ ಹೇಳಿದರು. ಬಡೇಗಳ ಹಕ್ಕಿನ ಬಗ್ಗೆ ಪ್ರಿಟಿ ಈಗಲ್ ಭಾಷಣ ಮಾಡಿರಲಿಲ್ಲ. ಡೇರೆ ಹೊಲಿಯುವವರನ್ನು, ಜೊತೆಯಲ್ಲಿ ಯುದ್ಧ ಮಾಡಿದವರನ್ನು ಹೊರಗಿನವನೊಬ್ಬ ಕಾಡಿದರೆ ಅದು ಊರಿನ ಜಗಳವಾಗುತ್ತದೆ.

ಪ್ರೀತಿಯ ವಿಷಯಕ್ಕೆ ಬಂದರೆ ದಾಖಲೆ ಕಡಿಮೆ. ಇರುವ ದಾಖಲೆಯೂ ಮುಖ ಸಿಂಡರಿಸಿಕೊಂಡವರು ಬರೆದದ್ದು. ಆದರೂ ಒಂದು ಸಿಗುತ್ತದೆ, ಮತ್ತು ಅದು ನಗೆ ತರಿಸುತ್ತದೆ. ಜಾನ್ ಟ್ಯಾನರ್ ಎಂಬ ಬಿಳಿಯ ಬಾಲಕನನ್ನು ಅಪಹರಿಸಿದ್ದರು, ಅವನು ಒಜಿಬ್ವೆ ಜನರ ನಡುವೆ ಬೆಳೆದ. ಅವನ ಆತ್ಮಕಥನ 1830ರಲ್ಲಿ ಪ್ರಕಟವಾಯಿತು. ಅದರಲ್ಲಿ ಓಜಾವಿಂಡಿಬ್ ಎಂಬವರು ಬರುತ್ತಾರೆ. ಸುಮಾರು ಐವತ್ತು ವರ್ಷ, ಒಂದು ಕಣ್ಣಿಲ್ಲ, ಹಲವು ಗಂಡಂದಿರ ಜೊತೆ ಬಾಳಿ ಬಂದವರು. ಒಜಿಬ್ವೆಯವರು ಅಗೋಕ್ವೆ ಎಂದು ಕರೆಯುವ ವರ್ಗ. ಅವರು ಟ್ಯಾನರ್‌ನನ್ನು ಮದುವೆಯಾಗಲು ಬಂದರು. ಟ್ಯಾನರ್ ನಾಚಿಕೊಂಡ, ಅಸಹ್ಯಪಟ್ಟುಕೊಂಡ. ಅವನ ಸಾಕುತಾಯಿ ನೆಟ್-ನೋ-ಕ್ವಾ ಅವನ ಪೇಚಾಟ ನೋಡಿ ನಕ್ಕು, ಓಜಾವಿಂಡಿಬ್ ಉಳಿಯಲಿ ಎಂಬಂತೆಯೇ ನಡೆದುಕೊಂಡಳು. ಅವರು ಕೆಲವು ದಿನ ಕಾಣೆಯಾದಾಗ ಪೀಡೆ ತೊಲಗಿತೆಂದು ಟ್ಯಾನರ್ ಅಂದುಕೊಂಡ. ಆದರೆ ಆ ಕುಟುಂಬ ಹಸಿದಿದ್ದ ಹೊತ್ತಿನಲ್ಲಿ ಅವರು ಒಣಮಾಂಸದ ಹೊರೆ ಹೊತ್ತುಕೊಂಡು ಬಂದರು, ಜೊತೆಗೆ ವಾಗೆಟೋಟ್ ಎಂಬ ಮುಖಂಡನ ಬೀಡಿಗೆ ಬನ್ನಿ ಎಂಬ ಕರೆಯನ್ನೂ ತಂದರು. ಕೊನೆಗೆ ಅವರನ್ನು ಮದುವೆಯಾದದ್ದು ಆಗಲೇ ಇಬ್ಬರು ಹೆಂಡತಿಯರಿದ್ದ ಆ ವಾಗೆಟೋಟ್. ಮನೆಯಲ್ಲಿ ಒಂದಿಷ್ಟು ನಗೆಯಾಯಿತು, ಆದರೆ ಹೊಸ ಹೆಣ್ಣೊಬ್ಬಳನ್ನು ತಂದಿದ್ದರೆ ಆಗುತ್ತಿದ್ದಷ್ಟು ಜಗಳವಾಗಲಿಲ್ಲ ಎಂದು ಟ್ಯಾನರ್ ಬರೆಯುತ್ತಾನೆ.

1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅನ್ವೇಷಕನನ್ನು ಮಿಸಿಸಿಪ್ಪಿ ನದಿಯ ಮೂಲವಾದ ಇಟಾಸ್ಕಾ ಸರೋವರಕ್ಕೆ ಕರೆದೊಯ್ದ ಮಾರ್ಗದರ್ಶಿಯ ಹೆಸರೂ ಓಜಾವಿಂಡಿಬ್. ಇಬ್ಬರೂ ಒಬ್ಬರೇ ಎಂದು ಹಲವರು ನಂಬುತ್ತಾರೆ. ಒಬ್ಬರೇ ಆಗಿದ್ದರೆ ನನಗಂತೂ ಸಂತೋಷ. ಅಮೆರಿಕದ ಭೂಗೋಳ ಪುಸ್ತಕದ ಒಂದು ಹೆಮ್ಮೆಯ ಪುಟಕ್ಕೆ ದಾರಿ ತೋರಿದವರು ಮೂರನೆಯ ಹೆಂಡತಿಯಾಗಿ ಸಂಸಾರ ಮಾಡಿದ ಒಬ್ಬ ಅಗೋಕ್ವೆ ಎಂದಾಗುತ್ತದೆ.

ಈ ಮೂವರಲ್ಲಿ ನಾನು ಕಾಣುವುದು ಒಂದೇ. ಊರು ಅವರನ್ನು ಒಪ್ಪಿಕೊಂಡಿತ್ತು ಎಂದು ಹೇಳುವುದು ಸಾಲದು. ಊರಿಗೆ ಅವರು ಬೇಕಾಗಿದ್ದರು. ನೇಯಲು, ಹೊಲಿಯಲು, ದಾರಿ ತೋರಲು, ಹಸಿದಾಗ ಮಾಂಸ ತರಲು. ನಕ್ಕವರೂ ಇದ್ದರು, ಕೀಟಲೆ ಮಾಡಿದವರೂ ಇದ್ದರು. ಆದರೆ ಕೆಲಸವಿತ್ತು, ನಂಟಿತ್ತು. ಇದನ್ನು ನೆನಪಿಡಿ. ಡ್ರ್ಯಾಗ್ ರಂಗಕ್ಕೆ ಹೋದಾಗ ಇದೇ ಅಳತೆಗೋಲು ಬೇಕಾಗುತ್ತದೆ.

ಇದೆಲ್ಲ ಮುರಿದದ್ದು ಹೇಗೆ? ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ 1830ರ ದಶಕದಲ್ಲಿ ಸಾಕ್ ಮತ್ತು ಫಾಕ್ಸ್ ಜನರ ಒಂದು ನೃತ್ಯ ನೋಡಿದ. ಟೂ-ಸ್ಪಿರಿಟ್ ವ್ಯಕ್ತಿಯೊಬ್ಬರನ್ನು ನಡುವೆ ನಿಲ್ಲಿಸಿ ಗೌರವಿಸುವ ನೃತ್ಯ ಅದು. ಕ್ಯಾಟ್ಲಿನ್ ಅದನ್ನು ಬಿಡಿಸಿಯೂ ಬಿಡಿಸಿದ, ಇದು ಇನ್ನಷ್ಟು ದಾಖಲಾಗುವ ಮೊದಲೇ ಅಳಿದುಹೋಗಲಿ ಎಂದೂ ಬರೆದ. ಅವನ ಹಾರೈಕೆಯನ್ನು ಸರ್ಕಾರಗಳು ಮುಂದೆ ನೆರವೇರಿಸಿದವು. ಅಮೆರಿಕ 1883ರಲ್ಲಿ ಇಂಡಿಯನ್ ಅಪರಾಧಗಳ ಸಂಹಿತೆ ತಂದು ಮೂಲನಿವಾಸಿಗಳ ನೃತ್ಯ, ಆಚರಣೆ, ಬಹುಪತ್ನಿತ್ವಗಳನ್ನು ಶಿಕ್ಷಾರ್ಹಗೊಳಿಸಿತು. ಕೆನಡಾದಲ್ಲಿ 1885ರಿಂದ 1951ರವರೆಗೆ, ಮೂಲನಿವಾಸಿಗಳು ಕಾಣಿಕೆ ಹಂಚುವ ಪಾಟ್‌ಲ್ಯಾಚ್ ಸಮಾರಂಭಕ್ಕೆ ನಿಷೇಧವಿತ್ತು. ಅಲ್ಲಿನ ವಸತಿ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಕಳಿಸಲಾಯಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಲ್ಲಿ ಮೊದಲ ದಿನವೇ ಕೂದಲು ಕತ್ತರಿಸುತ್ತಿದ್ದರು, ಹುಡುಗರನ್ನು ಒಂದು ಕಟ್ಟಡಕ್ಕೆ, ಹುಡುಗಿಯರನ್ನು ಇನ್ನೊಂದಕ್ಕೆ ಅಟ್ಟುತ್ತಿದ್ದರು. ಎರಡರಲ್ಲೂ ಸೇರದ ಮಗುವಿಗೆ ಮೂರನೆಯ ಕಟ್ಟಡ ಇರಲಿಲ್ಲ. ಪಾದ್ರಿಗಳ ಪಾಠ ಕೇಳಿ ಬೆಳೆದ ಅದೇ ಮಕ್ಕಳು ಅಜ್ಜ ಅಜ್ಜಿಯರಾದಾಗ, ಮೊಮ್ಮಕ್ಕಳಿಗೆ ಅದೇ ಪಾಠವನ್ನು ನಮ್ಮ ಸಂಪ್ರದಾಯ ಎಂದು ಹೇಳಿಕೊಟ್ಟರು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ 1950ರ ದಶಕದಿಂದ ಸರ್ಕಾರವೇ ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಂದ ನಗರಗಳಿಗೆ ಸಾಗಿಸಿತು. ಹಾಗೆ ತುಂಬಿಕೊಂಡ ಊರುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಒಂದು. 1975ರಲ್ಲಿ ಲಕೋಟ ಬುಡಕಟ್ಟಿನ ಬಾರ್ಬರಾ ಕ್ಯಾಮರಾನ್ ಮತ್ತು ನಾರ್ದರ್ನ್ ಪಾಯೂಟ್ ಬುಡಕಟ್ಟಿನ ರ‍್ಯಾಂಡಿ ಬರ್ನ್ಸ್ ಅಲ್ಲಿ ಗೇ ಅಮೆರಿಕನ್ ಇಂಡಿಯನ್ಸ್ ಎಂಬ ಸಂಘಟನೆ ಕಟ್ಟಿದರು. ಊರಿನಲ್ಲಿ ಲೈಂಗಿಕತೆಯ ಕಾರಣಕ್ಕೆ ಹೊರಗಿನವರು, ನಗರದ ಗೇ ಬಾರುಗಳಲ್ಲಿ ಇಂಡಿಯನ್ ಎಂಬ ಕಾರಣಕ್ಕೆ ಹೊರಗಿನವರು, ಹೀಗೆ ಎರಡು ಬಾಗಿಲುಗಳ ನಡುವೆ ನಿಂತ ಜನರ ಸಂಘ ಅದು.

ನಗರದಲ್ಲಿ ಅವರಿಗೆ ಸಿಕ್ಕ ಬೆಳಕಿನ ಜಾಗ ಡ್ರ್ಯಾಗ್ ವೇದಿಕೆ. ಆಚರಣೆಯ ಅಂಗಳವನ್ನು ಕಿತ್ತುಕೊಂಡವರಿಗೆ ಬಾರಿನ ಮೂಲೆಯ ಎರಡಡಿ ಎತ್ತರದ ಹಲಗೆ ಸಿಕ್ಕಿತು. ಅದು ಸಮನಾದ ವಿನಿಮಯವಲ್ಲ. ಆದರೆ ಆ ಹಲಗೆಯ ಮೇಲೆ ಅವರು ಮಾಡಿದ್ದು ಸಣ್ಣದಲ್ಲ.

ಲ್ಯಾಂಡಾ ಲೇಕ್ಸ್ ಎಂಬ ಡ್ರ್ಯಾಗ್ ಕಲಾವಿದರನ್ನು ನೋಡಿ. ಚಿಕಸಾ ಬುಡಕಟ್ಟಿನವರು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನವರು. ಅವರ ರಂಗದ ಹೆಸರೇ ಒಂದು ಚುಚ್ಚುಮಾತು. ಅಮೆರಿಕದಲ್ಲಿ ಲ್ಯಾಂಡ್ ಓ ಲೇಕ್ಸ್ ಎಂಬ ಬೆಣ್ಣೆಯ ಬ್ರ್ಯಾಂಡ್ ಇದೆ. ಅದರ ಪೊಟ್ಟಣದ ಮೇಲೆ 1928ರಿಂದ ಮಂಡಿಯೂರಿ ಬೆಣ್ಣೆ ಕೊಡುವ ಇಂಡಿಯನ್ ತರುಣಿಯ ಚಿತ್ರವಿತ್ತು. 1950ರ ದಶಕದಲ್ಲಿ ಆ ಚಿತ್ರವನ್ನು ತಿದ್ದಿ ಬರೆದವರು ಪ್ಯಾಟ್ರಿಕ್ ಡೆಜಾರ್ಲೇ ಎಂಬ ಒಜಿಬ್ವೆ ಕಲಾವಿದ. 2020ರಲ್ಲಿ ಕಂಪನಿ ತರುಣಿಯನ್ನು ತೆಗೆದು ಸರೋವರದ ನೋಟವನ್ನಷ್ಟೇ ಉಳಿಸಿಕೊಂಡಿತು. ಇಂಡಿಯನ್ನರನ್ನು ಓಡಿಸಿ ನೆಲ ಉಳಿಸಿಕೊಂಡರು, ಇದು ನಮಗೆ ಹೊಸತಲ್ಲ ಎಂದು ಮೂಲನಿವಾಸಿಗಳೇ ನಕ್ಕರು. ಲ್ಯಾಂಡಾ ಲೇಕ್ಸ್ ಅದಕ್ಕೂ ಎಷ್ಟೋ ವರ್ಷಗಳ ಮೊದಲೇ ಆ ತರುಣಿಯನ್ನು ಪೊಟ್ಟಣದಿಂದ ಎಬ್ಬಿಸಿ ವೇದಿಕೆಗೆ ತಂದು ನಿಲ್ಲಿಸಿದ್ದರು. ಬಿಳಿಯರು ಕಟ್ಟಿದ ಇಂಡಿಯನ್ ವೇಷವನ್ನು ಒಬ್ಬ ಇಂಡಿಯನ್ ತೊಟ್ಟು ಅಣಕಿಸುವಾಗ ಯಾರು ಯಾರ ವೇಷ ಹಾಕಿದ್ದಾರೆ ಎಂಬ ಲೆಕ್ಕ ತಪ್ಪುತ್ತದೆ. ಡ್ರ್ಯಾಗ್‌ನ ತಮಾಷೆಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಲ್ಯಾಂಡಾ ಲೇಕ್ಸ್ ಕಟ್ಟಿದ ಮೂಲನಿವಾಸಿ ಡ್ರ್ಯಾಗ್ ತಂಡದ ಹೆಸರು ಬ್ರಷ್ ಆರ್ಬರ್ ಗರ್ಲ್ಸ್. ಬ್ರಷ್ ಆರ್ಬರ್ ಎಂದರೆ ಕೊಂಬೆ, ಸೊಪ್ಪು ಹೊದಿಸಿದ ಚಪ್ಪರ. ಆಗ್ನೇಯ ಭಾಗದ ಬುಡಕಟ್ಟುಗಳಲ್ಲಿ ಸೇರುವ ಜಾಗ, ಹಾಡುವ ಜಾಗ, ನೆಂಟರು ಕುಳಿತುಕೊಳ್ಳುವ ಜಾಗ. ಬಾರಿನ ತಂಡಕ್ಕೆ ಚಪ್ಪರದ ಹೆಸರಿಟ್ಟವರಿಗೆ ಏನು ಬೇಕಾಗಿತ್ತೆಂಬುದು ಮದುವೆಮನೆಯ ಚಪ್ಪರ ಕಂಡ ನಿಮಗೆ ಬೇರೆ ಹೇಳಬೇಕಿಲ್ಲ.

ಡ್ರ್ಯಾಗ್ ಲೋಕಕ್ಕೆ ತನ್ನದೇ ಆದ ನಂಟಿನ ಏರ್ಪಾಡು ಇದೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ 1970ರ ದಶಕದಲ್ಲಿ ಕಪ್ಪು ಜನರು ಕಟ್ಟಿದ ಹೌಸ್‌ಗಳಿಂದ ಅದು ಬೆಳೆಯಿತು. ಮನೆ ಬಿಟ್ಟು ಬಂದ ಹುಡುಗರಿಗೆ ಹಿರಿಯ ಕಲಾವಿದರೊಬ್ಬರು ತಾಯಿಯಾಗುತ್ತಾರೆ, ಬಣ್ಣ ಹಚ್ಚಲು, ಹೊಲಿಯಲು, ಬದುಕಲು ಕಲಿಸುತ್ತಾರೆ. ನಮ್ಮ ಹಿಜ್ರಾ ಸಮುದಾಯದ ಗುರು, ಚೇಲಾ ಸಂಬಂಧ ಬಲ್ಲವರಿಗೆ ಇದು ಅಚ್ಚರಿಯಲ್ಲ. ಆದರೆ ಮೂಲನಿವಾಸಿಗಳಿಗೆ ಹೊಸ ಕುಟುಂಬ ಕಟ್ಟಿಕೊಳ್ಳಿ ಎಂಬ ಮಾತು ಅಷ್ಟು ಹಗುರವಲ್ಲ. ಕೆನಡಾದಲ್ಲಿ 1960ರ ದಶಕದಿಂದ 20,000ಕ್ಕೂ ಹೆಚ್ಚು ಮಕ್ಕಳನ್ನು ಮನೆಗಳಿಂದ ಎತ್ತಿ ಬಿಳಿಯ ಕುಟುಂಬಗಳಿಗೆ ದತ್ತು ಕೊಟ್ಟರೆಂಬ ಅಂದಾಜಿದೆ. ಹೊಸ ಕುಟುಂಬ ಎಂಬುದರ ರುಚಿ ಅವರು ಬೇಡವೆಂದರೂ ಉಂಡವರು. ಅವರಿಗೆ ಹಳೆಯದೇ ಬೇಕು.

ಕ್ರೀ ವಿದ್ವಾಂಸೆ ಅಲೆಕ್ಸ್ ವಿಲ್ಸನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ನಗರದ ಗೇ ಚಳವಳಿ ಹೊರಬರುವುದರ ಬಗ್ಗೆ ಮಾತನಾಡುತ್ತದೆ. ಮುಚ್ಚಿಟ್ಟದ್ದನ್ನು ಬಿಚ್ಚಿ, ಅಗತ್ಯ ಬಿದ್ದರೆ ಮನೆಯವರನ್ನು ಎದುರು ಹಾಕಿಕೊಂಡು, ನಾನು ಇದು ಎಂದು ಸಾರುವುದು. ಟೂ-ಸ್ಪಿರಿಟ್ ಜನರ ಕಥೆಗಳಲ್ಲಿ ನಡೆಯುವುದು ಒಳಬರುವುದು ಎನ್ನುತ್ತಾರೆ ವಿಲ್ಸನ್. ಕುಟುಂಬ, ನೆಲ, ಭಾಷೆ, ಆಚರಣೆಗಳ ಒಳಗೆ ತನ್ನ ಜಾಗವನ್ನು ಮರಳಿ ಕಂಡುಕೊಳ್ಳುವುದು. ನನಗೆ ಈ ಮಾತು ಇಷ್ಟ, ಸಂದೇಹವೂ ಇದೆ. ಒಳಬರಲು ಒಳಗಿನವರು ಬಾಗಿಲು ತೆರೆಯಬೇಕು.

ಆ ಬಾಗಿಲಿನ ಕಥೆಗೆ ನವಾಜೋ ನೆಲಕ್ಕೆ ಹೋಗಬೇಕು. ಅವರ ಸ್ವಾಯತ್ತ ಪ್ರದೇಶವಾದ ನವಾಜೋ ನೇಷನ್ ಸುಮಾರು 71,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಅವರ ಸೃಷ್ಟಿಕಥೆಯ ಕೆಲವು ಪಾಠಗಳಲ್ಲಿ ಗಂಡಸರೂ ಹೆಂಗಸರೂ ಜಗಳವಾಡಿ ನದಿಯ ಎರಡು ದಡಗಳಲ್ಲಿ ಬೇರೆಯಾಗುತ್ತಾರೆ. ಗಂಡಸರ ದಡಕ್ಕೆ ಬೀಸಲು, ಅಡುಗೆ ಮಾಡಲು ಬಲ್ಲ ನಾದ್ಲೇಹಿ ಹೋಗಿದ್ದರಿಂದ ಗಂಡಸರು ಬದುಕುತ್ತಾರೆ. ನಾದ್ಲೇಹಿಯೆಂದೇ ಗುರುತಾದ ಹೋಸ್ಟೀನ್ ಕ್ಲಾ 1867ರಿಂದ 1937ರವರೆಗೆ ಬದುಕಿದ ದೊಡ್ಡ ವೈದ್ಯ, ದೊಡ್ಡ ನೇಕಾರ. ಪವಿತ್ರ ಮರಳುಚಿತ್ರಗಳನ್ನು ಕಂಬಳಿಗೆ ತಂದವರು. ಸಾಂಟಾ ಫೆಯ ವ್ಹೀಲ್‌ರೈಟ್ ಸಂಗ್ರಹಾಲಯದ ಸ್ಥಾಪಕರಲ್ಲೊಬ್ಬರು.

ಇಂಥ ಕಥೆಯುಳ್ಳ ನೆಲದ ಮಂಡಳಿ 2005ರಲ್ಲಿ ಒಂದೇ ಲಿಂಗದವರ ಮದುವೆಯನ್ನು ನಿಷೇಧಿಸುವ ಕಾನೂನು ತಂದಿತು. ನವಾಜೋ ಅಧ್ಯಕ್ಷ ಜೋ ಶರ್ಲಿ ತಡೆದರು, ಮಂಡಳಿ ಅವರ ತಡೆಯನ್ನು ಮೀರಿ ಜಾರಿಗೊಳಿಸಿತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೇಶದಾದ್ಯಂತ ಇಂಥ ಮದುವೆಗೆ ಹಕ್ಕು ಕೊಟ್ಟಿತು, ಆದರೆ ಸ್ವಾಯತ್ತ ಬುಡಕಟ್ಟು ರಾಷ್ಟ್ರಗಳಿಗೆ ಆ ತೀರ್ಪು ಅನ್ವಯಿಸುವುದಿಲ್ಲ. ಇಲ್ಲಿ ಒಂದು ಬಿಕ್ಕಟ್ಟಿದೆ. ವಾಷಿಂಗ್ಟನ್ ಬಂದು ಬದಲಾಯಿಸಲಿ ಎಂದು ಯಾವ ನವಾಜೋ ಹೋರಾಟಗಾರರೂ ಸುಲಭವಾಗಿ ಹೇಳಲಾರರು, ವಾಷಿಂಗ್ಟನ್ ಬಂದು ಬದಲಾಯಿಸಿದ್ದರ ಫಲ ಅವರಿಗೆ ಗೊತ್ತು. ಬೇರೆ ದಾರಿಗಳೂ ಇವೆ. ಆರೆಗಾನ್ ರಾಜ್ಯದ ಕೊಕ್ವೆಲ್ ಬುಡಕಟ್ಟು 2008ರಲ್ಲೇ ತಾನಾಗಿ ಇಂಥ ಮದುವೆಗೆ ಕಾನೂನು ಮಾಡಿತು. ಚೆರೋಕಿ ನೇಷನ್ 2004ರ ನಿಷೇಧವನ್ನು 2016ರಲ್ಲಿ ಕೈಬಿಟ್ಟಿತು.

ಡ್ರ್ಯಾಗ್‌ಗೂ ನವಾಜೋ ನೆಲಕ್ಕೂ ಇನ್ನೊಂದು ತೊಡಕಿದೆ. ನವಾಜೋ ನೇಷನ್‌ನಲ್ಲಿ ಬಹುತೇಕ ಎಲ್ಲೂ ಮದ್ಯ ಮಾರುವಂತಿಲ್ಲ. ಡ್ರ್ಯಾಗ್ ಇರುವುದು ಬಾರುಗಳಲ್ಲಿ, ಬಾರುಗಳಿರುವುದು ಗ್ಯಾಲಪ್, ಫಾರ್ಮಿಂಗ್ಟನ್‌ನಂಥ ಗಡಿ ಊರುಗಳಲ್ಲಿ. 1974ರಲ್ಲಿ ಬಿಳಿಯ ಹದಿಹರೆಯದವರು ನವಾಜೋ ಗಂಡಸರನ್ನು ಕೊಂದ ಊರು ಫಾರ್ಮಿಂಗ್ಟನ್. ಡ್ರ್ಯಾಗ್ ರಾಣಿಯಾಗಲು ಹೋಗಬೇಕಾದ ದಾರಿ ಅಂಥದ್ದು. ನವಾಜೋ ಡ್ರ್ಯಾಗ್ ಕಲಾವಿದೆ ಲೇಡಿ ಶಗ್ ಇದಕ್ಕೊಂದು ಉಪಾಯ ಹೂಡಿದರು. ಮದ್ಯವಿಲ್ಲದ ಡ್ರ್ಯಾಗ್ ಪ್ರದರ್ಶನಗಳನ್ನು ಮೀಸಲು ಪ್ರದೇಶದ ಒಳಗೇ ತಂದರು. ಬಾರಿನ ಕತ್ತಲಿಲ್ಲದ ಡ್ರ್ಯಾಗ್‌ಗೆ ಅಜ್ಜಿಯರೂ ಬರಬಹುದು. ಅಜ್ಜಿ ಬಂದು ಕುಳಿತರೆ ಅರ್ಧ ಕೆಲಸ ಆದಂತೆ, ಇದು ಯಾವ ಊರಿನ ಕಲಾವಿದರಿಗೂ ಗೊತ್ತು.

ದೊಡ್ಡ ವೇದಿಕೆಗಳ ಬಗ್ಗೆ ಬೇಗನೆ ಹೇಳಿ ಮುಗಿಸುತ್ತೇನೆ. 2020ರಲ್ಲಿ ಕೆನಡಾದ ಡ್ರ್ಯಾಗ್ ರೇಸ್ ಟಿವಿ ಸ್ಪರ್ಧೆಯ ಮೊದಲ ಆವೃತ್ತಿಯಲ್ಲಿ ನ್ಲಕಾಪಮುಕ್ಸ್ ಸಮುದಾಯದ ಇಲೋನಾ ವರ್ಲಿ ಟೂ-ಸ್ಪಿರಿಟ್ ಎಂದು ಹೇಳಿಕೊಂಡೇ ಸ್ಪರ್ಧಿಸಿದರು. ಅದರ ಹಿಂದಿನ ವರ್ಷ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಸಂಗ್ರಹಾಲಯದ ದೊಡ್ಡ ಹಜಾರದಲ್ಲಿ ಕ್ರೀ ಚಿತ್ರಕಾರ ಕೆಂಟ್ ಮಾಂಕ್‌ಮನ್ ಎರಡು ಬೃಹತ್ ಚಿತ್ರಗಳನ್ನು ತೂಗುಹಾಕಿದರು, ಒಂದೊಂದೂ ಸುಮಾರು 22 ಅಡಿ ಅಗಲ. ಒಂದರಲ್ಲಿ, ಜಾರ್ಜ್ ವಾಷಿಂಗ್ಟನ್ ಡೆಲವೇರ್ ನದಿ ದಾಟುವ ಪ್ರಸಿದ್ಧ ಚಿತ್ರದ ದೋಣಿಯಲ್ಲಿ ವಾಷಿಂಗ್ಟನ್ ಬದಲು ಮಿಸ್ ಚೀಫ್ ನಿಂತಿದ್ದಾಳೆ. ಮಾಂಕ್‌ಮನ್ ತಾವೇ ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ಆಡಿದ ಡ್ರ್ಯಾಗ್ ಪಾತ್ರ ಅದು. ಕ್ಯಾಟ್ಲಿನ್ ಅಳಿಯಲಿ ಎಂದು ಹಾರೈಸಿದ ನೃತ್ಯಕ್ಕೂ ಅವರು 2008ರಲ್ಲಿ ವಿಡಿಯೊ ಕಲಾಕೃತಿಯೊಂದರಲ್ಲಿ ಉತ್ತರ ಕೊಟ್ಟಿದ್ದಾರೆ. ಇವು ದೊಡ್ಡ ಗೆಲುವುಗಳೇ. ಆದರೆ ವೀವಾ ಅವರ ವಾಷಿಂಗ್ಟನ್ ದಿನಗಳನ್ನು ನೆನೆದಾಗ, ರಾಜಧಾನಿ ತೋರಿಸುವ ಮೆಚ್ಚುಗೆಯನ್ನು ತುಸು ದೂರದಿಂದ ನೋಡುವುದು ನನಗೆ ಅಭ್ಯಾಸವಾಗಿದೆ.

ನನ್ನ ಮನಸ್ಸು ಹೋಗುವುದು ಡ್ರ್ಯಾಗ್ ಅಲ್ಲದ ಒಂದು ಕುಣಿತದ ಕಡೆಗೆ. ಪೌವೌ ಎಂಬ ಮೂಲನಿವಾಸಿಗಳ ನೃತ್ಯಕೂಟಗಳಲ್ಲಿ ಸ್ವೀಟ್‌ಹಾರ್ಟ್ ನೃತ್ಯ ಎಂಬ ಜೋಡಿ ಸ್ಪರ್ಧೆ ಇರುತ್ತದೆ, ಗಂಡ ಹೆಂಡತಿಯರು, ಪ್ರೇಮಿಗಳು ಕೈ ಹಿಡಿದು ಕುಣಿಯುವುದು. ಶಾನ್ ಸ್ನೈಡರ್ ಮತ್ತು ಏಡ್ರಿಯನ್ ಸ್ಟೀವನ್ಸ್ ಎಂಬ ಟೂ-ಸ್ಪಿರಿಟ್ ಜೋಡಿ ಈ ಸ್ಪರ್ಧೆಗಿಳಿದರು. ಜೋಡಿ ಎಂದರೆ ಒಂದು ಗಂಡು ಒಂದು ಹೆಣ್ಣು ಎಂಬ ನಿಯಮ ಅಡ್ಡ ಬಂದಿತು. ಅವರು ಬಿಡಲಿಲ್ಲ, ಕ್ಯಾಲಿಫೋರ್ನಿಯಾದ ಸ್ಯಾನ್ ಮ್ಯಾನ್ಯುಯೆಲ್ ಪೌವೌನಲ್ಲಿ ಜೋಡಿಯಾಗಿ ಕುಣಿದರು. ಬೆನ್-ಅಲೆಕ್ಸ್ ಡುಪ್ರಿ 2019ರಲ್ಲಿ ಇದನ್ನೇ ಕಿರುಚಿತ್ರ ಮಾಡಿದರು. ಅವರಿಬ್ಬರೂ ತೊಟ್ಟದ್ದು ತಮ್ಮ ಜನರ ಉಡುಗೆ, ಹೆಜ್ಜೆ ತಮ್ಮ ಜನರ ಹೆಜ್ಜೆ. ಅಣಕವಿಲ್ಲ, ಉಬ್ಬಿಸಿದ್ದಿಲ್ಲ. ಮೂಲನಿವಾಸಿಗಳದೇ ನಿಯಮ, ಮೂಲನಿವಾಸಿಗಳದೇ ತೀರ್ಪುಗಾರರು, ಆ ನಿಯಮದ ಒಳಗಿನಿಂದಲೇ ಅದನ್ನು ಬಗ್ಗಿಸಿದರು.

ಸಭಿಕರ ಪ್ರಶ್ನೆಗಳು.

ಮೊದಲ ಪ್ರಶ್ನೆ, ಹಾಗಾದರೆ ನಮ್ಮ ಜೋಗಪ್ಪರೂ ಟೂ-ಸ್ಪಿರಿಟ್ ಅಲ್ಲವೇ? ಅಲ್ಲ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪ, ಜೋಗತಿಯರಿಗೆ ಅವರದೇ ದೇವತೆ, ಅವರದೇ ಕೊಡ, ಅವರದೇ ಹಾಡು ಇವೆ. ಟೂ-ಸ್ಪಿರಿಟ್ ಎಂಬುದು ಉತ್ತರ ಅಮೆರಿಕದ ಮೂಲನಿವಾಸಿಗಳು ತಮಗಾಗಿ ಇಟ್ಟುಕೊಂಡ ಹೆಸರು, ಹೊರಗಿನವರು ಅದನ್ನು ಎತ್ತಿಕೊಳ್ಳುವುದನ್ನು ಅವರು ಇಷ್ಟಪಡುವುದಿಲ್ಲ. ಹೋಲಿಕೆ ಇರುವುದು ಪೆಟ್ಟು ತಿಂದ ರೀತಿಯಲ್ಲಿ. ಅಮೆರಿಕದ 1883ರ ಸಂಹಿತೆಗೆ 12 ವರ್ಷ ಮೊದಲು, 1871ರಲ್ಲಿ, ಬ್ರಿಟಿಷರು ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಅದರ ಒಂದು ಭಾಗದಲ್ಲಿ ಹಿಜ್ರಾಗಳ ಪಟ್ಟಿ ಮಾಡಲು, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕುಣಿದರೆ ಬಂಧಿಸಲು ಅವಕಾಶ ಕೊಟ್ಟರು. ಸ್ವತಂತ್ರ ಕರ್ನಾಟಕವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಅಂಥದ್ದೇ ಪಟ್ಟಿಗೆ ದಾರಿ ಮಾಡಿತ್ತು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರ ಪದ್ಮಶ್ರೀ ಪಡೆದಾಗ ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಬೀದಿಯಲ್ಲಿ ಜೋಗತಿಯೊಬ್ಬರಿಗೆ ಬಾಡಿಗೆ ಮನೆ ಸಿಗುತ್ತದೆಯೇ ಎಂಬುದನ್ನು ನೀವೇ ಕೇಳಿಕೊಳ್ಳಿ.

ಎರಡನೆಯದು, ಹಳೆಯ ಕಾಲದಲ್ಲಿ ಎಲ್ಲ ಬುಡಕಟ್ಟುಗಳೂ ಇವರನ್ನು ಪೂಜಿಸುತ್ತಿದ್ದವೇ? ಇಲ್ಲ. ಇಂದು ಅಮೆರಿಕ ಸರ್ಕಾರ ಗುರುತಿಸಿದ ಬುಡಕಟ್ಟುಗಳೇ 570ಕ್ಕೂ ಹೆಚ್ಚು. ಎಲ್ಲದರಲ್ಲೂ ಇಂಥ ವರ್ಗವಿತ್ತೆಂಬುದಕ್ಕೆ ದಾಖಲೆಯಿಲ್ಲ, ಇದ್ದ ಕಡೆಯೂ ಗೌರವ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಪೂಜೆ ಬೇಕಾಗಿಯೂ ಇಲ್ಲ. ಪೂಜೆಗೊಳಗಾದವರಿಗೆ ತಪ್ಪು ಮಾಡುವ ಹಕ್ಕು ಇರುವುದಿಲ್ಲ.

ಕೊನೆಯದನ್ನು ಕೇಳಿದವರು ಒಬ್ಬ ನಾಟಕದ ವಿದ್ಯಾರ್ಥಿ. ಹಾಗಾದರೆ ಡ್ರ್ಯಾಗ್ ಬಿಟ್ಟು ಎಲ್ಲರೂ ಆಚರಣೆಗೆ ಮರಳಬೇಕೆಂದು ನೀವು ಹೇಳುತ್ತಿದ್ದೀರಾ? ಇಲ್ಲ, ಅವರೂ ಹಾಗೆ ಮಾಡಿಲ್ಲ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಟೂ-ಸ್ಪಿರಿಟ್ ಜನರು ಒಂದು ಸಂಘ ಕಟ್ಟಿದರು, 2012ರಿಂದ ತಮ್ಮದೇ ಪೌವೌ ನಡೆಸುತ್ತಿದ್ದಾರೆ. ಲ್ಯಾಂಡಾ ಲೇಕ್ಸ್ ಅವರಂಥ ಡ್ರ್ಯಾಗ್ ಕಲಾವಿದರೂ ಆ ಬಳಗದವರೇ. ಅಲ್ಲಿ ಮದ್ಯವಿಲ್ಲ, ಗಂಡಸರ ಕುಣಿತ, ಹೆಂಗಸರ ಕುಣಿತ ಎಂಬ ಬೇಲಿಯೂ ಇಲ್ಲ. ಯಾರು ಯಾವ ವಿಭಾಗದಲ್ಲಿ ಕುಣಿಯಬೇಕೆಂಬುದನ್ನು ಕುಣಿಯುವವರೇ ತೀರ್ಮಾನಿಸುತ್ತಾರೆ.